ಅಶ್ವದಳದ ಶೌರ್ಯಪದಕಗಳು: ತೂಕವಲ್ಲ, ಅಂಚಿನ ಬರಹವೇ ಬೆಲೆ

ಹಳೆಯ ಬೆಳ್ಳಿ ಕೊಳ್ಳುವ ಚಿನಿವಾರ ಪೇಟೆಯ ಅಂಗಡಿಗಳಿಗೆ ಹರಿವಾಣ, ಕಾಲುಗೆಜ್ಜೆ, ಉಡಿದಾರಗಳ ಜೊತೆಯಲ್ಲಿ ಒಮ್ಮೊಮ್ಮೆ ರಾಜಮುದ್ರೆಯ ದುಂಡನೆಯ ಪದಕವೂ ಬರುವುದುಂಟು. ತಕ್ಕಡಿಯ ಲೆಕ್ಕದಲ್ಲಿ ಅದು ಸುಮಾರು 30 ಗ್ರಾಂ ಬೆಳ್ಳಿ. ಅಂಚಿನಲ್ಲಿ ಸವಾರನೊಬ್ಬನ ಸಂಖ್ಯೆ, ದರ್ಜೆ, ಹೆಸರು ಮತ್ತು ದಳ ಅಚ್ಚಾಗಿರುವುದನ್ನು ಓದಬಲ್ಲವನಿಗಾದರೋ ಅದೊಂದು ದಸ್ತಾವೇಜು. 1980ರಲ್ಲಿ ಬೆಳ್ಳಿಯ ಧಾರಣೆ ವಿಪರೀತ ಏರಿದಾಗ ಮೊದಲ ಮಹಾಯುದ್ಧದ ಅಸಂಖ್ಯ ಪದಕಗಳು ಮೂಸೆ ಸೇರಿದವು. ಉಳಿದವುಗಳನ್ನು ಗುರುತಿಸುವುದು ವರ್ತಕರಿಗೂ ಲಾಭದ ವಿಷಯವೇ ಆಗಿದೆ.

ದಂಡಯಾತ್ರೆಯಲ್ಲಿ ಪಾಲ್ಗೊಂಡ ಎಲ್ಲರಿಗೂ ದೊರೆಯುತ್ತಿದ್ದ ಸೇವಾಪದಕ ಬೇರೆ, ವೈಯಕ್ತಿಕ ಸಾಹಸಕ್ಕೆ ನೀಡುತ್ತಿದ್ದ ಶೌರ್ಯಪದಕ ಬೇರೆ. ಎರಡನೆಯದೇ ವಿರಳ. ಈಸ್ಟ್ ಇಂಡಿಯಾ ಕಂಪನಿಯು 1837ರಲ್ಲಿ ದೇಶೀಯ ಸೈನಿಕರಿಗಾಗಿ ಸ್ಥಾಪಿಸಿದ ಆರ್ಡರ್ ಆಫ್ ಮೆರಿಟ್, 1902ರಲ್ಲಿ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಎಂಬ ಹೆಸರು ಪಡೆಯಿತು. ಆರಂಭದಲ್ಲಿ ಅದಕ್ಕೆ ಮೂರು ದರ್ಜೆಗಳಿದ್ದು, ದರ್ಜೆಗೆ ತಕ್ಕಂತೆ ವೇತನವೂ ಹೆಚ್ಚುತ್ತಿತ್ತು. ತನ್ನ ಕುದುರೆಯನ್ನು ತಾನೇ ಒದಗಿಸಿಕೊಳ್ಳಬೇಕಿದ್ದ ಸಿಲಾದಾರಿ ಪದ್ಧತಿಯ ಸವಾರನಿಗೆ ಈ ಹೆಚ್ಚುವರಿ ಹಣ ಅಲ್ಪವೇನೂ ಆಗಿರಲಿಲ್ಲ. 1907ರಲ್ಲಿ ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ಬಂದಿತು. 1911ರಲ್ಲಿ ವಿಕ್ಟೋರಿಯಾ ಕ್ರಾಸ್ ಭಾರತೀಯ ಸೈನಿಕರಿಗೂ ತೆರೆಯಿತು. 1917ರ ಡಿಸೆಂಬರ್ 1ರಂದು ಫ್ರಾನ್ಸಿನ ಕಾಂಬ್ರೆ ರಣರಂಗದಲ್ಲಿ ಲಾನ್ಸ್ ದಫೇದಾರ್ ಗೋವಿಂದ ಸಿಂಗ್ ಮೂರು ಬಾರಿ ಸಂದೇಶ ಹೊತ್ತೊಯ್ದರು. ಮೂರು ಬಾರಿಯೂ ಅವರ ಕುದುರೆ ಗುಂಡಿಗೆ ಬಲಿಯಾಯಿತು. ಆ ಸಾಹಸಕ್ಕೆ ಸಂದದ್ದು ವಿಕ್ಟೋರಿಯಾ ಕ್ರಾಸ್.

ನಮ್ಮ ನಾಡಿಗೆ ಹೆಚ್ಚು ಹತ್ತಿರದ್ದು ಮೈಸೂರು ಲಾನ್ಸರ್ಸ್. 1918ರ ಸೆಪ್ಟೆಂಬರ್ 23ರಂದು ಜೋಧಪುರದ ದಳದೊಡನೆ ಹೈಫಾ ಪಟ್ಟಣವನ್ನು ವಶಪಡಿಸಿಕೊಂಡ ಕಾಳಗದಲ್ಲಿ ಮೈಸೂರಿನ ಸವಾರರು ಕಾರ್ಮೆಲ್ ಬೆಟ್ಟದ ಫಿರಂಗಿಗಳ ಮೇಲೆ ಏರಿಹೋದರು. ದೆಹಲಿಯ ತೀನ್ ಮೂರ್ತಿಗಳಲ್ಲಿ ಒಂದು ಮೈಸೂರಿನದು. ಮೈಸೂರು ಲಾನ್ಸರ್ಸ್ ಹೆಸರುಳ್ಳ ಪದಕ ಕೈಗೆ ಬಂದಲ್ಲಿ ಅದನ್ನು ಕರಗಿಸುವ ಮುನ್ನ ಎರಡು ಬಾರಿ ಯೋಚಿಸುವುದು ಒಳಿತು.

ಇನ್ನು ಅಸಲು, ನಕಲಿಯ ಮಾತು. ಹಳೆಯ ಹೆಸರನ್ನು ಉಜ್ಜಿ ತೆಗೆದು ಪ್ರಸಿದ್ಧ ದಳದ ಹೆಸರನ್ನು ಕೆತ್ತುವುದು ಈ ವ್ಯವಹಾರದ ಅತಿ ಹಳೆಯ ಮೋಸ. ಉಜ್ಜಿದಾಗ ಲೋಹ ಸವೆಯುತ್ತದೆ. ಆದ್ದರಿಂದ 36 ಮಿಲಿಮೀಟರ್ ವ್ಯಾಸವಿರಬೇಕಾದ ಪದಕವನ್ನು ವರ್ನಿಯರ್ ಕ್ಯಾಲಿಪರ್‌ನಿಂದ ಹಲವು ಕಡೆ ಅಳೆದರೆ ಕೊರತೆ ತಾನಾಗಿ ತಿಳಿಯುತ್ತದೆ. ನಮ್ಮ ಯಂತ್ರಭಾಗ ತಯಾರಕರಿಗೆ ಇದನ್ನು ವಿವರಿಸಬೇಕಾಗಿಲ್ಲ! ದಳದ ಹೆಸರನ್ನೂ ಪರಿಶೀಲಿಸಬೇಕು. ಮೊದಲ ಮಹಾಯುದ್ಧದ ನಂತರ 39 ಅಶ್ವದಳಗಳನ್ನು ವಿಲೀನಗೊಳಿಸಿ 21ಕ್ಕೆ ಇಳಿಸಿ, ಹೊಸ ಹೆಸರುಗಳನ್ನು ನೀಡಲಾಯಿತು. ಯುದ್ಧಕಾಲದ ಪದಕದಲ್ಲಿ ಆಮೇಲಿನ ಹೆಸರು ಕಂಡರೆ ಮಾರುವವನನ್ನು ವಿಚಾರಿಸಲೇಬೇಕು.

ಆರ್ಡರ್ ಆಫ್ ಮೆರಿಟ್‌ನ ನಕ್ಷತ್ರಾಕೃತಿಯ ಬಿಲ್ಲೆ ಹೆಸರಿಲ್ಲದೆಯೇ ದೊರೆಯುವುದುಂಟು. ಅದು ಯಾರದೆಂದು ಸಾರುವುದು ಜೊತೆಯಲ್ಲಿರುವ ಹೆಸರುಳ್ಳ ಸೇವಾಪದಕಗಳು ಮತ್ತು ಕಾಗದಪತ್ರಗಳು. ಒಂದು ಮನೆತನದ ಪದಕಗಳನ್ನು ಬಿಡಿಬಿಡಿಯಾಗಿ ಮಾರಿದವನು ಈ ಸಾಕ್ಷ್ಯವನ್ನೇ ಹರಿದಂತೆ. ಬಿಡಿಗಳ ಒಟ್ಟು ಬೆಲೆ ಜೋಡಿಯ ಬೆಲೆಯನ್ನು ಮುಟ್ಟುವುದು ಅಪರೂಪ. ಹುಣಸೆಹಣ್ಣು ಹಾಕಿ ತಿಕ್ಕಿ ಹೊಳಪು ಬರಿಸುವ ಉತ್ಸಾಹವೂ ಬೇಡ. ಕಪ್ಪಾದ ಬೆಳ್ಳಿಯನ್ನೇ ಸಂಗ್ರಾಹಕರು ಬಯಸುತ್ತಾರೆ.

ಕೊಳ್ಳುವವರೂ ಮಾರುವವರೂ 1972ರ ಪುರಾವಸ್ತು ಹಾಗೂ ಕಲಾನಿಧಿ ಕಾಯ್ದೆಯನ್ನು ಅರಿತಿರಬೇಕು. ನೂರು ವರ್ಷಕ್ಕೆ ಕಡಿಮೆಯಿಲ್ಲದ, ಐತಿಹಾಸಿಕ ಆಸಕ್ತಿಯ ವಸ್ತುಗಳು ಅದರ ವ್ಯಾಪ್ತಿಗೆ ಒಳಪಡುತ್ತವೆ. ಮೊದಲ ಮಹಾಯುದ್ಧದ ಕಾಲದಲ್ಲಿ ನೀಡಿದ ಪದಕಗಳು ಈಗ ಆ ಗಡಿ ದಾಟಿವೆ ಎಂಬುದನ್ನು ಅನೇಕರು ಗಮನಿಸಿಲ್ಲ. ಪುರಾವಸ್ತುಗಳ ವ್ಯಾಪಾರಕ್ಕೆ ಪರವಾನಗಿ ಅಗತ್ಯ. ಖಾಸಗಿಯವರು ಅವುಗಳನ್ನು ವಿದೇಶಕ್ಕೆ ರಫ್ತು ಮಾಡುವಂತಿಲ್ಲ. ರಫ್ತಿನ ನಿಷೇಧ ಮೀರಿದವರಿಗೆ ಆರು ತಿಂಗಳಿನಿಂದ ಮೂರು ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ವಿದೇಶದ ಗ್ರಾಹಕನು ಎಷ್ಟೇ ಆಕರ್ಷಕ ಬೆಲೆ ಹೇಳಿದರೂ ಪದಕವನ್ನು ಅಂಚೆಗೆ ಹಾಕುವ ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿಯಲ್ಲಿ ವಿಚಾರಿಸತಕ್ಕದ್ದು.