ಕಾರಿಗೂ ಬೇಕು ಟಿ.ಸಿ.!

ಟಿ.ಸಿ. ಇಲ್ಲದೆ ಒಂದು ಕಾಲೇಜಿನಿಂದ ಇನ್ನೊಂದು ಕಾಲೇಜಿಗೆ ಸೇರಲು ಆಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತು. ಕಾರು, ಬೈಕುಗಳಿಗೂ ಅಂಥದ್ದೇ ಒಂದು ಟಿ.ಸಿ. ಇದೆ ಎಂಬುದು ಮಾತ್ರ ಬೇರೆ ರಾಜ್ಯದಲ್ಲಿ ಕೆಲಸ ಸಿಗುವವರೆಗೆ ನಮ್ಮಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಆಫರ್ ಲೆಟರ್ ಬಂದ ಖುಷಿಯಲ್ಲಿ ಬಟ್ಟೆ, ಪಾತ್ರೆ, ಚಾರ್ಜರ್ ಎಲ್ಲ ನೆನಪಾಗುತ್ತವೆ. ಗಾಡಿಯ ವಿಷಯ ಬಂದಾಗ ಮಾತ್ರ, ‘ಓಡಿಸಿಕೊಂಡು ಹೋದರಾಯಿತು’ ಎಂದುಬಿಡುತ್ತೇವೆ. ರಸ್ತೆಯ ಪ್ರಯಾಣ ಒಂದು ದಿನದ್ದು. ಕಾಗದದ ಪ್ರಯಾಣ ವರ್ಷದ್ದು. ಎರಡನ್ನೂ ಮುಗಿಸಿದವಳಾಗಿ ಕೆಲಸ ಹುಡುಕುತ್ತಿರುವ ಗೆಳೆಯ, ಗೆಳತಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹುಬ್ಬಳ್ಳಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ, ಒಂದು ವರ್ಷ ಸಂದರ್ಶನಗಳಿಗೆ ಅಲೆದ ಮೇಲೆ ಪುಣೆ ಬಳಿಯ ಚಾಕಣದಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಕೆಲಸ ಸಿಕ್ಕಿತು. ಕೈಗೆ ಬರುವುದು ತಿಂಗಳಿಗೆ 24 ಸಾವಿರ ರೂಪಾಯಿ. ಆರು ತಿಂಗಳು ಪ್ರೊಬೇಷನ್. ಬಾಡಿಗೆಗೆ ಸಿಕ್ಕ ಕೋಣೆ ಮೋಶಿಯಲ್ಲಿ. ಎರಡನೇ ಪಾಳಿ ಮುಗಿಯುವುದು ಮಧ್ಯರಾತ್ರಿಗೆ. ಕಂಪನಿ ಬಸ್ಸು ನಾಶಿಕ್ ಹೆದ್ದಾರಿಯಲ್ಲಿ ಇಳಿಸಿ ಹೋಗುತ್ತದೆ. ಅಲ್ಲಿಂದ ಕೋಣೆಗೆ ಎರಡು ಕಿಲೋಮೀಟರ್, ಅರ್ಧ ದಾರಿಯಲ್ಲಿ ದೀಪವಿಲ್ಲ.

ಮನೆಯಲ್ಲಿ ಅಪ್ಪನ 2016ರ ಆಲ್ಟೊ ಇತ್ತು. ಅಪ್ಪ ಸಾರಿಗೆ ಸಂಸ್ಥೆಯಲ್ಲಿ ಬಸ್ ಚಾಲಕರಾಗಿದ್ದವರು. ಹುಬ್ಬಳ್ಳಿ–ಪುಣೆ ಮಾರ್ಗದಲ್ಲೇ ಹಲವು ವರ್ಷ ಓಡಿಸಿದ್ದರು. ನಿವೃತ್ತಿಯಾದ ಎರಡೇ ವರ್ಷಕ್ಕೆ ಗ್ಲುಕೋಮಾದಿಂದ ದೃಷ್ಟಿ ಕಡಿಮೆಯಾಯಿತು. ವೈದ್ಯರು ಮೊದಲು ರಾತ್ರಿ ಓಡಿಸಬೇಡಿ ಎಂದರು, ಆಮೇಲೆ ಹಗಲೂ ಬೇಡ ಎಂದರು. ಆದರೂ ದಿನಾ ಬೆಳಿಗ್ಗೆ ಹೊದಿಕೆ ತೆಗೆದು ಹತ್ತು ನಿಮಿಷ ಎಂಜಿನ್ ಚಾಲೂ ಮಾಡಿ ಕೂರುತ್ತಿದ್ದರು.

ನನಗೆ ಕಾರು ಕೊಡುವ ಮಾತು ಬಂದಾಗ ಅವ್ವ, “ಹೊಸಾ ಊರು, ಹೊಸಾ ಕೆಲಸ, ಅದರಾಗ ಈ ಗಾಡಿ ಉಸಾಬರಿ ಯಾಕ?” ಎಂದಳು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: “ರಾತ್ರಿ ಹನ್ನೆರಡಕ್ಕ ಹುಡುಗಿ ನಡಕೊಂಡು ಬರೋದಕ್ಕಿಂತ ಇದು ಛಲೋ. ಒಯ್ಯಲಿ. ಆದ್ರ ಮೊದಲು ಕಾಗದಾ ನೋಡ್ಕೊ, ಆಮ್ಯಾಲೆ ಗಾಡಿ.”

ಹನ್ನೆರಡು ತಿಂಗಳ ಗಡುವು

ಕಾಗದ ನೋಡಲು ಕುಳಿತಾಗ ಮೊದಲು ತಿಳಿದದ್ದು ಸಮಾಧಾನದ ಸಂಗತಿ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಒಂದು ರಾಜ್ಯದಲ್ಲಿ ನೋಂದಣಿಯಾದ ವಾಹನ ದೇಶದ ಯಾವ ರಾಜ್ಯದಲ್ಲಾದರೂ ಓಡಬಹುದು. ಕೆಎ ನಂಬರಿನ ಕಾರು ಮಹಾರಾಷ್ಟ್ರದ ರಸ್ತೆಯಲ್ಲಿ ಕಂಡಿತೆಂದ ಮಾತ್ರಕ್ಕೆ ಅದು ತಪ್ಪಲ್ಲ. ನಮ್ಮ ಡ್ರೈವಿಂಗ್ ಲೈಸೆನ್ಸ್ ಕೂಡ ಇಡೀ ದೇಶಕ್ಕೆ ನಡೆಯುತ್ತದೆ, ರಾಜ್ಯ ಬದಲಾದರೆ ಹೊಸದು ಮಾಡಿಸಬೇಕಿಲ್ಲ.

ಆದರೆ ಅದೇ ಕಾಯ್ದೆಯ 47ನೇ ಸೆಕ್ಷನ್ ಒಂದು ಗಡುವು ಇಟ್ಟಿದೆ. ಒಂದು ರಾಜ್ಯದ ವಾಹನವನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡರೆ ಮಾಲೀಕರು ಅಲ್ಲಿನ ಹೊಸ ನಂಬರಿಗೆ ಅರ್ಜಿ ಹಾಕಬೇಕು. ಇಲ್ಲಿ ಗಮನಿಸಬೇಕಾದ ಪದ ‘ಇಟ್ಟುಕೊಂಡರೆ’. ಮಾಲೀಕರು ಹುಬ್ಬಳ್ಳಿಯಲ್ಲೇ ಇದ್ದು ಕಾರು ಮಾತ್ರ ಪುಣೆಯಲ್ಲಿದ್ದರೂ ನಿಯಮ ಅನ್ವಯಿಸುತ್ತದೆ. ‘ಕಾರು ಅಪ್ಪನ ಹೆಸರಿನಲ್ಲಿದೆ, ನನಗೇನು’ ಎನ್ನುವಂತಿಲ್ಲ.

ಹಾಗಾಗಿ ನನ್ನ ಮುಂದಿದ್ದ ನಿಜವಾದ ಪ್ರಶ್ನೆ ಕಾರನ್ನು ಒಯ್ಯಬೇಕೋ ಬೇಡವೋ ಎಂಬುದಲ್ಲ. ಆ ಊರಿನಲ್ಲಿ ನಾನು ಎಷ್ಟು ಕಾಲ ಇರುತ್ತೇನೆ ಎಂಬುದು. ಪ್ರೊಬೇಷನ್ ಮುಗಿಯದ ಹೊಸಬರಿಗೆ ಇದಕ್ಕೆ ಉತ್ತರ ಗೊತ್ತಿರುವುದಿಲ್ಲ. ಕಾಯ್ದೆ ಕೊಟ್ಟಿರುವ 12 ತಿಂಗಳನ್ನು ನಾವು ಉಪಯೋಗಿಸಿಕೊಳ್ಳಬೇಕಾದದ್ದು ಇಲ್ಲಿಯೇ. ಮೊದಲ ಆರು ತಿಂಗಳು ಕಾರು ಅಪ್ಪನ ಹೆಸರಿನಲ್ಲಿ, ಕೆಎ-63 ನಂಬರಿನಲ್ಲೇ ಇರಲಿ; ಕೆಲಸ ಕಾಯಂ ಆದರೆ ಉಳಿದ ಆರು ತಿಂಗಳಲ್ಲಿ ಮುಂದಿನ ದಾರಿ ನೋಡೋಣ ಎಂದು ನಾನು ಮತ್ತು ಅಪ್ಪ ತೀರ್ಮಾನಿಸಿದೆವು.

ಹೊರಡುವ ಮೊದಲು ನಾಲ್ಕು ಕೆಲಸ ಮುಗಿಸಿದೆ. ಹೊಗೆ ತಪಾಸಣೆಯ ಪ್ರಮಾಣಪತ್ರ ನವೀಕರಿಸಿದೆ. ಬಾಕಿ ಇದ್ದ ಒಂದು ಟ್ರಾಫಿಕ್ ದಂಡ ಕಟ್ಟಿದೆ. ಆರ್‌ಸಿ, ವಿಮೆಯನ್ನು ಡಿಜಿಲಾಕರ್‌ಗೆ ಹಾಕಿಕೊಂಡೆ. ನಾಲ್ಕನೆಯದು, ವಿಮಾ ಕಂಪನಿಗೆ ಕಾರು ಇನ್ನು ಪುಣೆಯಲ್ಲಿರುತ್ತದೆ ಎಂದು ತಿಳಿಸಿದೆ. ವಿಮೆ ದೇಶದಾದ್ಯಂತ ನಡೆಯುತ್ತದೆ, ನಿಜ. ಆದರೆ ಸ್ವಂತ ಕಾರಿಗಾಗುವ ಹಾನಿಯ ಭಾಗಕ್ಕೆ ಪ್ರೀಮಿಯಂ ಹಾಕುವಾಗ ಬೆಂಗಳೂರು, ಪುಣೆ, ಮುಂಬೈ, ಚೆನ್ನೈ, ಹೈದರಾಬಾದ್‌ನಂಥ ದೊಡ್ಡ ನಗರಗಳನ್ನು ‘ಎ’ ವಲಯ ಎಂದೂ ಉಳಿದ ಊರುಗಳನ್ನು ‘ಬಿ’ ವಲಯ ಎಂದೂ ವಿಂಗಡಿಸುವುದು ರೂಢಿ. ಹುಬ್ಬಳ್ಳಿ ಬಿ, ಪುಣೆ ಎ. ವ್ಯತ್ಯಾಸ ದೊಡ್ಡದಲ್ಲ. ನಾಳೆ ಅಪಘಾತವಾಗಿ ಪರಿಹಾರ ಕೇಳುವಾಗ ವಿಳಾಸದ ಬಗ್ಗೆ ಪ್ರಶ್ನೆ ಏಳಬಾರದು, ಅಷ್ಟೇ.

ಟೋಲ್ ಮೆಸೇಜೇ ಸಾಕ್ಷಿ

ಜೂನ್ ತಿಂಗಳ ಒಂದು ಬೆಳಿಗ್ಗೆ ಹೊರಟೆವು. ಸ್ಟೀರಿಂಗ್ ಹಿಡಿದದ್ದು ನಾನು, ಪಕ್ಕದಲ್ಲಿ ಅಪ್ಪ, ಹಿಂದೆ ಸಾಮಾನಿನ ನಡುವೆ ತಮ್ಮ. ಧಾರವಾಡ, ಬೆಳಗಾವಿ, ನಿಪ್ಪಾಣಿ, ಕೊಲ್ಹಾಪುರ, ಕರಾಡ, ಸಾತಾರಾ. ಬೋರ್ಡು ಓದಲಾಗದಿದ್ದರೂ ಅಪ್ಪ ಮುಂದಿನ ಊರನ್ನು ಮೊದಲೇ ಹೇಳುತ್ತಿದ್ದರು. ಖಂಬಾಟಕಿ ಸುರಂಗ ಬರುವ ಮುಂಚೆ “ಲೈಟ್ ಹಾಕ್ಕೊ” ಎಂದರು. ಆ ದಾರಿಯಲ್ಲಿ ಅವರು ಪಕ್ಕದ ಸೀಟಿನಲ್ಲಿ ಕುಳಿತದ್ದು ಅದೇ ಮೊದಲು.

ಕೊಲ್ಹಾಪುರ ದಾಟಿದ ಮೇಲೆ ಕಿಣಿ ಟೋಲ್ ಸಿಗುತ್ತದೆ. ಅಲ್ಲಿ ಫಾಸ್ಟ್ಯಾಗ್‌ನಿಂದ ಹಣ ಕಡಿತವಾದ ಮೆಸೇಜನ್ನು ನಾನು ಅಳಿಸಲಿಲ್ಲ. ಕಾರು ಮಹಾರಾಷ್ಟ್ರಕ್ಕೆ ಯಾವ ದಿನ ಬಂತು ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ. ಪ್ರತಿ ತಿಂಗಳ ಫಾಸ್ಟ್ಯಾಗ್ ಸ್ಟೇಟ್‌ಮೆಂಟನ್ನೂ ಇಳಿಸಿಕೊಂಡು ಒಂದೆಡೆ ಇಟ್ಟೆ. ಮೂರನೇ ತಿಂಗಳಲ್ಲಿ ಭೋಸರಿಯ ಹತ್ತಿರ ಪೊಲೀಸರು ಕೆಎ ನಂಬರು ನೋಡಿ ಕಾರು ನಿಲ್ಲಿಸಿದರು. “ಇಲ್ಲಿಗೆ ಬಂದು ಎಷ್ಟು ದಿನವಾಯಿತು?” ಎಂದು ಕೇಳಿದರು. ನನ್ನ ಮರಾಠಿ ಆಗ ಅಷ್ಟಕ್ಕಷ್ಟೇ. ಮೊಬೈಲಿನಲ್ಲಿ ಟೋಲ್ ಸ್ಟೇಟ್‌ಮೆಂಟ್ ತೋರಿಸಿದೆ. ನೋಡಿ ಕಳಿಸಿಕೊಟ್ಟರು. ಬಾಯಿಮಾತಿನಲ್ಲಿ ಹೇಳಿದ್ದರೆ ಅರ್ಧ ಗಂಟೆಯಾದರೂ ಹಿಡಿಯುತ್ತಿತ್ತು.

ಕೆಲಸ ಕಾಯಂ ಆಯಿತು. ಆಗ ಲೆಕ್ಕ ಹಾಕುವ ಕಾಲ ಬಂತು. ದಾರಿ ಮೂರಿದ್ದವು. ಒಂದು, ಕಾರನ್ನು ಹುಬ್ಬಳ್ಳಿಗೆ ಮರಳಿಸುವುದು. ಎರಡು, ಅಲ್ಲೇ ಮಾರಿ ಪುಣೆಯಲ್ಲಿ ಎಂಎಚ್ ನಂಬರಿನ ಹಳೆಯ ಕಾರು ಕೊಳ್ಳುವುದು. ಮೂರು, ಇದಕ್ಕೇ ಹೊಸ ನಂಬರು ಮಾಡಿಸುವುದು. ತಮ್ಮ ಎರಡನೆಯದರ ಪರ. ಮಾರಾಟದಿಂದ ಬರುವ ಹಣಕ್ಕೆ ಒಂದಿಷ್ಟು ಸೇರಿಸಿದರೆ ಅಂಥದ್ದೇ ಕಾರು ಸಿಗುತ್ತಿತ್ತು ನಿಜ. ಆದರೆ ಹೇಗೆ ಓಡಿದೆಯೋ ಗೊತ್ತಿಲ್ಲದ ಎಂಜಿನ್ ಸಿಗುತ್ತಿತ್ತು. ಅಪ್ಪನ ಕಾರಿನ ಪ್ರತಿ ಆಯಿಲ್ ಬದಲಾವಣೆಯ ಚೀಟಿ ನಮ್ಮ ಹತ್ತಿರವಿದೆ. ಖಾಸಗಿ ಕಾರಿನ ಆರ್‌ಸಿ 15 ವರ್ಷ ನಡೆಯುವುದರಿಂದ 2031ರವರೆಗೆ ಅವಧಿ ಇದೆ. ಇನ್ನೂ ಮೂರ್ನಾಲ್ಕು ವರ್ಷ ಚಾಕಣದಲ್ಲೇ ಇರುವ ಯೋಚನೆ ನನ್ನದು. ಹಾಗಾಗಿ ಮೂರನೆಯ ದಾರಿ ಹಿಡಿದೆ. ಒಂದೆರಡು ವರ್ಷಕ್ಕೇ ಊರು ಬದಲಿಸುವ ಅಂದಾಜು ಇದ್ದಿದ್ದರೆ ಮೊದಲನೆಯದೇ ಸರಿಯಾಗುತ್ತಿತ್ತು.

ಎರಡು ಆರ್‌ಟಿಒ, ಒಂದು ಕಾರು

ಮೊದಲ ಕೆಲಸ ಮಾಲೀಕತ್ವದ್ದು. ರಜೆ ಹಾಕಿ, ಕಾರಿನಲ್ಲೇ ಹುಬ್ಬಳ್ಳಿಗೆ ಬಂದೆ. ಕಾರು ಅಪ್ಪನಿಂದ ಮಗಳಿಗೆ ಹೋದರೂ ಕಾನೂನಿನ ಕಣ್ಣಿಗೆ ಅದು ವರ್ಗಾವಣೆಯೇ. ಅದಕ್ಕೆ ಫಾರಂ 29 ಮತ್ತು 30 ಬೇಕು. ಅಪ್ಪನಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಪೂರ್ತಿ ಓದಿ ಹೇಳು ಎಂದರು. ಓದಿದೆ. ‘ಮಾರಾಟ’ ಎಂಬ ಪದ ಬಂದಾಗ “ಮಾರಾಕತ್ತಿಲ್ಲಲ್ಲ ನಾ” ಎಂದರು. ಫಾರಂನಲ್ಲಿ ಇರುವುದೇ ಹಾಗೆ ಎಂದೆ. ನಾನು ಬೆರಳಿಟ್ಟ ಜಾಗದಲ್ಲಿ ಸಹಿ ಹಾಕಿದರು. ಮೂವತ್ತು ವರ್ಷ ಚಕ್ರ ತಿರುಗಿಸಿದವರ ಹೆಸರಿನಲ್ಲಿ ಈಗ ಯಾವ ಗಾಡಿಯೂ ಇಲ್ಲ. ಅವರು ಆ ಮಾತು ಆಡಲಿಲ್ಲ, ನಾನೂ ಎತ್ತಲಿಲ್ಲ.

ಆರ್‌ಸಿಗೆ ನನ್ನ ಹೆಸರು ಬಂದ ಮೇಲೆ ವಿಮೆಯನ್ನೂ ವರ್ಗಾಯಿಸಿಕೊಳ್ಳಬೇಕು, ಅದಕ್ಕೆ 14 ದಿನಗಳ ಗಡುವಿದೆ. ಇಲ್ಲೊಂದು ಸಂಗತಿ ನೆನಪಿರಲಿ: ಪರಿಹಾರ ಕೇಳದೆ ಓಡಿಸಿದ್ದಕ್ಕೆ ಸಿಗುವ ‘ನೋ ಕ್ಲೇಮ್ ಬೋನಸ್’ ಕಾರಿನ ಜೊತೆ ಬರುವುದಿಲ್ಲ, ಅದು ವ್ಯಕ್ತಿಯದು. ಅಪ್ಪನ ಬೋನಸ್ ನನಗೆ ಸಿಗಲಿಲ್ಲ, ಆ ವರ್ಷದ ಪ್ರೀಮಿಯಂ ಹೆಚ್ಚಾಯಿತು.

ಇನ್ನು ಟಿ.ಸಿ. ವಿಷಯ. ಅದರ ನಿಜವಾದ ಹೆಸರು ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ. ಫಾರಂ 28ರಲ್ಲಿ ಹಳೆಯ ಆರ್‌ಟಿಒಗೆ ಅರ್ಜಿ ಹಾಕಬೇಕು. ಅದಕ್ಕೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು ಬೇಕು. ತೆರಿಗೆ, ದಂಡ ಬಾಕಿ ಇರಬಾರದು. ಕಾರು ಕಳವಿನದ್ದಲ್ಲ ಎಂದು ದಾಖಲೆಯಲ್ಲಿ ಖಚಿತವಾಗಬೇಕು. ಸಾಲದ ಕಾರಾದರೆ ಬ್ಯಾಂಕಿನ ಒಪ್ಪಿಗೆಯೂ ಬೇಕು. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಉಳಿದಿದ್ದರೆ ಅದನ್ನು ಮೊದಲು ತೆಗೆಸಿ. ಕಾಯ್ದೆಯ ಪ್ರಕಾರ ಆರ್‌ಟಿಒ 30 ದಿನಗಳಲ್ಲಿ ಒಪ್ಪಿಗೆಯನ್ನೋ ನಿರಾಕರಣೆಯನ್ನೋ ಲಿಖಿತವಾಗಿ ತಿಳಿಸಬೇಕು.

ಆ ಪತ್ರ ಹಿಡಿದು ಹೊಸ ಊರಿನ ಆರ್‌ಟಿಒಗೆ ಹೋಗಬೇಕು. ಅಲ್ಲಿ ಫಾರಂ 27, ಬಾಡಿಗೆ ಕರಾರು, ವಿಮೆ, ಹೊಗೆ ತಪಾಸಣೆ, ಕಾರು ಬಂದ ದಿನದ ಸಾಕ್ಷಿ ಎಲ್ಲ ಕೊಟ್ಟೆ. ಕಾರನ್ನೇ ತಂದು ತೋರಿಸಬೇಕು, ಚಾಸಿ ನಂಬರನ್ನು ಕಣ್ಣಾರೆ ನೋಡುತ್ತಾರೆ. ಆಮೇಲೆ ತೆರಿಗೆ. ಹೊಸಬರ ಜೇಬಿಗೆ ಹೆಚ್ಚು ಭಾರವಾಗುವುದು ಇದೇ. ಅಪ್ಪ ಕಾರು ಕೊಂಡಾಗ ಕರ್ನಾಟಕಕ್ಕೆ ಜೀವಿತಾವಧಿ ತೆರಿಗೆ ಕಟ್ಟಿದ್ದರು. ಆದರೂ ಮಹಾರಾಷ್ಟ್ರಕ್ಕೆ ಕಾರಿನ ವಯಸ್ಸಿಗೆ ತಕ್ಕಂತೆ ಮತ್ತೆ ಕಟ್ಟಬೇಕು. ಕರ್ನಾಟಕದಲ್ಲಿ ಕಟ್ಟಿದ್ದರಲ್ಲಿ ಉಳಿದ ವರ್ಷಗಳ ಪಾಲನ್ನು ಮರಳಿ ಕೇಳಬಹುದು. ಆದರೆ ಹೊಸ ರಾಜ್ಯದ ಆರ್‌ಸಿ ತೋರಿಸಿದ ಮೇಲಷ್ಟೇ. ಅಂದರೆ ಕಟ್ಟುವುದು ಮೊದಲು, ಮರಳಿ ಬರುವುದು ಆಮೇಲೆ. ನಡುವಿನ ತಿಂಗಳುಗಳಿಗೆ ಕೈಯಲ್ಲಿ ಹಣ ಇರಬೇಕು. ನಾನು ಕಾಯಂ ಆದ ತಿಂಗಳಿನಿಂದಲೇ ಮೂರು ಸಾವಿರದಂತೆ ಎತ್ತಿಡುತ್ತಾ ಬಂದಿದ್ದೆ. ಅದೇ ಉಪಯೋಗಕ್ಕೆ ಬಂತು.

ಕಳೆದ ತಿಂಗಳು ಎಂಎಚ್-14 ನಂಬರು ಬಂತು. ಹೊಸ ಹೈ ಸೆಕ್ಯುರಿಟಿ ಪ್ಲೇಟ್ ಹಾಕಿಸಿ, ವಿಮೆ ಮತ್ತು ಫಾಸ್ಟ್ಯಾಗ್‌ನಲ್ಲಿ ನಂಬರು ಬದಲಿಸಿದೆ. ತೆರಿಗೆ ಮರುಪಾವತಿಗೆ ಹುಬ್ಬಳ್ಳಿಯಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದೇನೆ. ಅಪ್ಪನಿಗೆ ಫೋನಿನಲ್ಲಿ ಹೇಳಿದಾಗ, “ನಂಬರ್ ಬದಲಾದ್ರ ಗಾಡಿ ಬದಲಾಗತದೇನು? ಆಯಿಲ್ ಯಾವಾಗ ಹಾಕ್ಸಿದಿ, ಅದನ್ನ ಹೇಳು” ಎಂದರು.

ಹೊರಡುವವರಿಗೆ ನಾಲ್ಕು ಮಾತು

ನಿಮಗೆ ಇಷ್ಟೆಲ್ಲ ಬೇಕಾಗದೆಯೂ ಇರಬಹುದು. 2021ರ ಸೆಪ್ಟೆಂಬರ್‌ನಿಂದ ಭಾರತ್ ಸರಣಿ, ಅಂದರೆ ‘ಬಿಎಚ್’ ನಂಬರು ಜಾರಿಯಲ್ಲಿದೆ. ರಾಜ್ಯ ಬದಲಾದರೂ ನಂಬರು ಬದಲಿಸಬೇಕಿಲ್ಲ. ತೆರಿಗೆಯನ್ನು ಜೀವಿತಾವಧಿಗೆ ಒಮ್ಮೆಲೇ ಕಟ್ಟುವ ಬದಲು ಎರಡೆರಡು ವರ್ಷಕ್ಕೆ ಕಟ್ಟಬಹುದು. ಕೇಂದ್ರ, ರಾಜ್ಯ ಸರ್ಕಾರಿ ನೌಕರರು, ಸೇನೆಯವರು, ಸಾರ್ವಜನಿಕ ವಲಯದ ಉದ್ದಿಮೆಗಳ ಉದ್ಯೋಗಿಗಳು ಇದಕ್ಕೆ ಅರ್ಹರು. ಖಾಸಗಿ ಕಂಪನಿಯಾದರೆ ಕನಿಷ್ಠ ನಾಲ್ಕು ರಾಜ್ಯ ಅಥವಾ ಕೇಂದ್ರಾಡಳಿತ ಪ್ರದೇಶಗಳಲ್ಲಿ ಅದರ ಕಚೇರಿ ಇರಬೇಕು, ಕಂಪನಿ ಫಾರಂ 60ರಲ್ಲಿ ಅದನ್ನು ದೃಢೀಕರಿಸಬೇಕು. ನಮ್ಮ ಕಂಪನಿ ಇರುವುದು ಎರಡೇ ರಾಜ್ಯಗಳಲ್ಲಿ, ಹಾಗಾಗಿ ನನಗೆ ಆ ಬಾಗಿಲು ತೆರೆಯಲಿಲ್ಲ. 2022ರ ಡಿಸೆಂಬರ್‌ನ ತಿದ್ದುಪಡಿಯ ನಂತರ ಅರ್ಹರು ಹಳೆಯ ವಾಹನವನ್ನೂ ಈ ಸರಣಿಗೆ ಬದಲಿಸಿಕೊಳ್ಳಬಹುದು. ಆಫರ್ ಲೆಟರ್ ಕೈಗೆ ಬಂದ ದಿನ ಎಚ್‌ಆರ್‌ನವರಿಗೆ ‘ನಮ್ಮ ಕಂಪನಿ ಎಷ್ಟು ರಾಜ್ಯಗಳಲ್ಲಿದೆ?’ ಎಂದು ಕೇಳಲು ಸಂಕೋಚ ಬೇಡ.

ಬೈಕ್ ಒಯ್ಯುವವರಿಗೂ 12 ತಿಂಗಳ ನಿಯಮ ಒಂದೇ. ಓಡಿಸಿಕೊಂಡು ಹೋಗಲಾಗದಿದ್ದರೆ ರೈಲಿನ ಪಾರ್ಸೆಲ್ ಕಚೇರಿಯಲ್ಲಿ ಬುಕ್ ಮಾಡಬಹುದು. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಚೆನ್ನಾಗಿ ಪ್ಯಾಕ್ ಮಾಡಿಸಬೇಕು, ಆರ್‌ಸಿ ಮತ್ತು ಗುರುತಿನ ಚೀಟಿಯ ಪ್ರತಿ ಕೊಡಬೇಕು.

ಇದನ್ನೆಲ್ಲ ಮಾಡಿಸಿಕೊಡಲು ಏಜೆಂಟರು ಸಿಗುತ್ತಾರೆ. ನಾನು ರಜೆ ಹಾಕಿ ನಾನೇ ಓಡಾಡಿದೆ. ಕಷ್ಟವಾಯಿತು, ಆದರೆ ಯಾವ ಕಾಗದ ಯಾಕೆ ಬೇಕು ಎಂಬುದು ಗೊತ್ತಾಯಿತು. ಮೊದಲ ಸಂಬಳದವರಿಗೆ ಆ ತಿಳಿವಳಿಕೆಯೂ ಒಂದು ಉಳಿತಾಯ.

ಈಗ ಎರಡನೇ ಪಾಳಿ ಮುಗಿಸಿ ಹನ್ನೆರಡೂವರೆಗೆ ಕೋಣೆ ಸೇರುತ್ತೇನೆ. ಅವ್ವನಿಗೆ ‘ಮುಟ್ಟಿದೆ’ ಎಂದು ಮೆಸೇಜ್ ಹಾಕುತ್ತೇನೆ. ಅಷ್ಟಕ್ಕಾಗಿಯೇ ಈ ಕಾರು ಬಂದದ್ದು. ನೀವೂ ನಿಮ್ಮ ಗಾಡಿ ಯಾತಕ್ಕೆ ಬೇಕು, ಎಷ್ಟು ದಿನಕ್ಕೆ ಬೇಕು ಎಂಬುದನ್ನು ಮನೆಯವರ ಜೊತೆ ಕುಳಿತು ಮೊದಲು ಮಾತಾಡಿ. ಬೇಕು ಅನಿಸಿದರೆ ಒಯ್ಯಿರಿ. ಗಡಿ ದಾಟಿದ ದಿನವೇ ಕ್ಯಾಲೆಂಡರಿನಲ್ಲಿ ಹತ್ತನೇ ತಿಂಗಳಿಗೊಂದು ಗುರುತು ಹಾಕಿ. ಟಿ.ಸಿ.ಗೆ ಓಡಾಡಲು ಕೊನೆಯ ಎರಡು ತಿಂಗಳು ಬೇಕೇ ಬೇಕು.