ಮೀನಿಗಿಂತ ಭಾರದ ಹುಳು

ಕಿರುಬೆರಳುದ್ದದ ಮೀನು. ಹೊಟ್ಟೆ ಮಾತ್ರ ಬಿರಿಯುವಷ್ಟು ಉಬ್ಬಿದೆ. ಮೊಟ್ಟೆ ತುಂಬಿದೆಯೇನೋ ಎಂದು ಕತ್ತರಿಸಿ ನೋಡಿದರೆ, ಹಾಲುಬಿಳುಪಿನ ಚಪ್ಪಟೆ ಹುಳುವೊಂದು ಮೆಲ್ಲನೆ ಹೊರಳುತ್ತ ಹೊರಬರುತ್ತದೆ! ಮೈತುಂಬ ಅಡ್ಡಗೆರೆಗಳು. ತೂಗಿ ನೋಡಿ: ಕೆಲವೊಮ್ಮೆ ಉಳಿದ ಮೀನಿಗಿಂತ ಹುಳುವೇ ಭಾರ!

ಇದು ಸ್ಕಿಸ್ಟೊಸೆಫಾಲಸ್ ಸಾಲಿಡಸ್ ಎಂಬ ಲಾಡಿಹುಳು. ಆಶ್ರಯ ಕೊಟ್ಟದ್ದು ಉತ್ತರ ಗೋಳಾರ್ಧದ ತಣ್ಣನೆಯ ನೀರಿನ ಮೂರು ಮುಳ್ಳಿನ ಸ್ಟಿಕಲ್‌ಬ್ಯಾಕ್ ಮೀನು. ಹಕ್ಕಿಯ ಹಿಕ್ಕೆಯೊಂದಿಗೆ ನೀರಿಗೆ ಬಿದ್ದ ಹುಳುವಿನ ಮೊಟ್ಟೆ ಒಡೆದು ಮರಿ ಈಜುತ್ತದೆ, ಅದನ್ನು ಕೋಪಿಪಾಡ್ ಎಂಬ ಚುಕ್ಕೆಗಾತ್ರದ ಜಲಜೀವಿ ನುಂಗುತ್ತದೆ. ಮರಿ ಬಲಿಯುವವರೆಗೂ ಕೋಪಿಪಾಡ್ ಅಲುಗಾಡುವುದು ಕಡಿಮೆ. ಬಲಿತ ಮೇಲೆ ಅದರ ಚಟುವಟಿಕೆ ಹೆಚ್ಚಿ ಮೀನಿನ ಕಣ್ಣಿಗೆ ಬೀಳುತ್ತದೆ. ಒಂದು ಕಣದಂಥ ಮರಿ ಇದನ್ನೆಲ್ಲ ನಡೆಸುತ್ತದೆ!

ಮೀನು ಕೋಪಿಪಾಡನ್ನು ನುಂಗಿದ ಮೇಲೆ ಮರಿ ಮೀನಿನ ಕರುಳನ್ನು ಕೊರೆದು ಹೊಟ್ಟೆಯ ಪೊಳ್ಳಿಗೆ ಇಳಿದು ಬೆಳೆಯುತ್ತದೆ. ತೂಕ ಸುಮಾರು 50 ಮಿಲಿಗ್ರಾಂ ದಾಟಿತೋ, ಹಕ್ಕಿಯ ಹೊಟ್ಟೆಗೆ ಹೋಗಲು ಅದು ಸಿದ್ಧ. ಅಷ್ಟರಲ್ಲಿ ಮೀನಿನ ಸ್ವಭಾವವೇ ಬದಲಾಗಿರುತ್ತದೆ. ಕೊಕ್ಕರೆಯ ನೆರಳು ಕಂಡರೂ ಮೊದಲಿನಂತೆ ಹೆದರಿ ಓಡುವುದಿಲ್ಲ. ಬೆಚ್ಚನೆಯ ನೀರನ್ನು ಅರಸಿ ಹೋಗುವುದೂ ಪ್ರಯೋಗಗಳಲ್ಲಿ ಕಂಡಿದೆ. ಆ ಬಿಸುಪಿನಲ್ಲಿ ಹುಳು ಇನ್ನೂ ಬೇಗ ಬೆಳೆಯುತ್ತದೆ. ಹಕ್ಕಿ ನುಂಗಿದ ಮೇಲೋ, ಸುಮಾರು 40 ಡಿಗ್ರಿ ಬಿಸಿಯ ಕರುಳಿನಲ್ಲಿ ಎರಡು ದಿನದೊಳಗೆ ಹುಳು ಪ್ರಾಯಕ್ಕೆ ಬಂದು ಮೊಟ್ಟೆಯಿಡತೊಡಗುತ್ತದೆ. ತಿಂಗಳುಗಟ್ಟಲೆ ಬೆಳೆದದ್ದು ಕೆಲವೇ ದಿನಗಳ ಈ ಪ್ರಾಯಕ್ಕಾಗಿ.

ಮೀನು ಸುಮ್ಮನಿರುತ್ತದೆಯೇ? ನನ್ನನ್ನು ಎಲ್ಲಕ್ಕಿಂತ ಬೆರಗುಗೊಳಿಸಿದ್ದು ಇದೇ. ಕೆನಡಾದ ವ್ಯಾಂಕೂವರ್ ದ್ವೀಪದ ರಾಬರ್ಟ್ಸ್ ಸರೋವರದ ಸ್ಟಿಕಲ್‌ಬ್ಯಾಕ್‌ಗಳು ಹೊಟ್ಟೆಯೊಳಗೆ ಗಾಯದ ಕಲೆಯಂಥ ಗಟ್ಟಿ ನಾರನ್ನು ಹೆಣೆದು ಹುಳುವಿನ ಬೆಳವಣಿಗೆಯನ್ನು ಅದುಮುತ್ತವೆ. ಅದೇ ದ್ವೀಪದ ಗಾಸ್ಲಿಂಗ್ ಸರೋವರದ ಮೀನುಗಳು ಹಾಗೆ ಮಾಡದೆ ದೊಡ್ಡ ಹುಳುಗಳನ್ನು ಹೊತ್ತೇ ಬಾಳುತ್ತವೆ. ಸೋಲೊಪ್ಪಿದವು ಎನ್ನಬೇಡಿ! ನಾರು ಹುಳುವನ್ನಷ್ಟೇ ಬಿಗಿಯುವುದಿಲ್ಲ, ಮೀನಿನ ಸಂತಾನಶಕ್ತಿಯನ್ನೂ ಕುಗ್ಗಿಸುತ್ತದೆ. ಜೆಸ್ಸಿ ವೆಬರ್, ಡೇನಿಯಲ್ ಬೋಲ್ನಿಕ್ ಮತ್ತು ಸಂಗಡಿಗರು 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಿಡಿಸಿಟ್ಟ ಕಥೆ ಇದು. ಈ ಮೀನುಗಳ ಕಡಲಿನ ಪೂರ್ವಜರಿಗೆ ಈ ಹುಳುವಿನ ಕಾಟ ಇರಲಿಲ್ಲವೆನ್ನುವಷ್ಟು ಕಡಿಮೆ. ಹಿಮಯುಗ ಮುಗಿದ ಮೇಲೆ ಸಿಹಿನೀರಿಗೆ ಬಂದ ಮೀನುಗಳು ನಾರು ಹೆಣೆಯುವ ಈ ರಕ್ಷಣೆಯನ್ನು ಗಳಿಸಿಕೊಂಡವು. ಕೆಲವು ಸರೋವರಗಳಲ್ಲಿ ಅದನ್ನು ಮತ್ತೆ ಕಳಚಿಯೂ ಹಾಕಿದವು. ಇಷ್ಟೆಲ್ಲ ನಡೆದದ್ದು ಬರೀ 12,000 ವರ್ಷಗಳ ಆಸುಪಾಸಿನಲ್ಲಿ!