ಒಬ್ಬ ಸೇನಾಪತಿ ಉಳಿದಿದ್ದರೆ?

ನಮ್ಮ ವಾಚನಾಲಯದಲ್ಲಿ ಸಂಜೆಯ ಹೊತ್ತು ಒಂದು ಮಾತು ಆಗಾಗ ಎದ್ದು ಬರುತ್ತದೆ. ಯಾರೋ ಒಬ್ಬರು ಚರಿತ್ರೆಯ ಪುಸ್ತಕವನ್ನು ಮುಚ್ಚಿಟ್ಟು, “ಆ ಒಬ್ಬ ಸೇನಾಪತಿ ಅಂದು ಸಾಯದೆ ಇದ್ದಿದ್ದರೆ ದೇಶದ ಕಥೆಯೇ ಬೇರೆ ಆಗುತ್ತಿತ್ತು” ಎನ್ನುತ್ತಾರೆ. ಇನ್ನೊಬ್ಬರು, “ಹಣೆಬರಹ ಇದ್ದಂತೆ ಆಯಿತು ಬಿಡಿ” ಎನ್ನುತ್ತಾರೆ. ದೀಪ ಆರಿಸುವ ಹೊತ್ತಾದರೂ ಚರ್ಚೆ ಮುಗಿಯುವುದಿಲ್ಲ. ಕಾಶಿಯಲ್ಲಿ ಈ ಮಾತು ಹೆಚ್ಚಾಗಿ ಬರುವುದು ಶಹಜಹಾನನ ಮಕ್ಕಳ ದಾಯಾದಿ ಯುದ್ಧವನ್ನು ಕುರಿತು. ಹಿರಿಯ ಮಗ ದಾರಾ ಶಿಕೋ ಕಾಶಿಯ ಪಂಡಿತರ ನೆರವಿನಿಂದ ಉಪನಿಷತ್ತುಗಳನ್ನು ಪಾರಸಿ ಭಾಷೆಗೆ ತಂದವನು. ಆ ಕೆಲಸ 1657ರಲ್ಲಿ ಮುಗಿಯಿತು. ಮರುವರ್ಷವೇ ಅವನು ಯುದ್ಧದಲ್ಲಿ ಸೋತ. ಆದ್ದರಿಂದ “ಇದ್ದಿದ್ದರೆ” ಎಂಬ ಮಾತಿಗೆ ಈ ಊರಿನಲ್ಲಿ ಒಂದು ನೋವೂ ಸೇರಿದೆ.

ಈ ಪ್ರಶ್ನೆಯನ್ನು ನಾವು ಈ ಸಲ ಸ್ವಲ್ಪ ನಿಧಾನವಾಗಿ ಪರೀಕ್ಷಿಸಿ ನೋಡೋಣ. ಆ ಯುದ್ಧದ ಒಂದು ತುದಿ ನಮ್ಮ ಬೀದರ, ಕಲ್ಯಾಣಗಳಲ್ಲಿದೆ. ಇನ್ನೊಂದು ತುದಿ ನಾವು ದಿನವೂ ಓಡಾಡುವ ಈ ಕಾಶಿಯ ಮಗ್ಗುಲಲ್ಲೇ ಇದೆ. ಗೋದೌಲಿಯಾ ಚೌಕದ ಬಳಿಯ ಜಂಗಮವಾಡಿ ಮಠಕ್ಕೆ ಸೇರಿದ ಹಳೆಯ ಫರ್ಮಾನುಗಳಲ್ಲಿ ಅಕ್ಬರ, ಜಹಾಂಗೀರ, ಶಹಜಹಾನರ ಜೊತೆಗೆ ಈ ಯುದ್ಧದಲ್ಲಿ ಗೆದ್ದ ಔರಂಗಜೇಬನ ಕಾಲದವೂ ಇವೆ. ಸಿಂಹಾಸನ ಕೈ ಬದಲಾದಾಗ ಊರೂರಿನ ಮಠ, ಮನೆ, ಹೊಲಗಳವರು ತಮ್ಮ ಹಕ್ಕುಪತ್ರಗಳಿಗಾಗಿ ಹೊಸ ಒಡೆಯನ ಮುಖ ನೋಡಬೇಕಾಗುತ್ತಿತ್ತು.

ಮೊದಲು ಯುದ್ಧದ ಮೂಲವನ್ನು ತಿಳಿಯೋಣ. 1657ರ ಸೆಪ್ಟೆಂಬರಿನಲ್ಲಿ ಶಹಜಹಾನ್ ಬಾದಶಹ ದೆಹಲಿಯಲ್ಲಿ ಕಾಯಿಲೆ ಬಿದ್ದ. ಮೊಗಲರಲ್ಲಿ ಹಿರಿಯ ಮಗನಿಗೇ ಪಟ್ಟವೆಂಬ ಕಟ್ಟುನಿಟ್ಟಾದ ನಿಯಮವಿರಲಿಲ್ಲ. ನಾಲ್ವರು ಗಂಡುಮಕ್ಕಳು: ದಾರಾ ತಂದೆಯ ಬಳಿ, ಶುಜಾ ಬಂಗಾಳದಲ್ಲಿ, ಮುರಾದ್ ಗುಜರಾತಿನಲ್ಲಿ, ಔರಂಗಜೇಬ ದಖ್ಖನ್ನಿನಲ್ಲಿ. ನಾಲ್ವರಿಗೂ ಸ್ವಂತ ದಂಡು, ಸ್ವಂತ ಬೊಕ್ಕಸ. ತಂದೆ ಬದುಕಿರುವಾಗಲೇ ಮಕ್ಕಳು ಕತ್ತಿ ಹಿರಿದರು.

ಔರಂಗಜೇಬ ಆ ವರ್ಷ ಮಾಡುತ್ತಿದ್ದುದೇನು? ಬಿಜಾಪುರದವರ ವಶದಲ್ಲಿದ್ದ ಬೀದರದ ಕೋಟೆಗೆ ಮುತ್ತಿಗೆ ಹಾಕಿ, 27 ದಿನಗಳಲ್ಲಿ ಅದನ್ನು ಹಿಡಿದಿದ್ದ. ಕೋಟೆಯ ಅಧಿಕಾರಿ ಸಿದ್ದಿ ಮರ್ಜಾನ್ ಎಂಬ ಮುದುಕ. ಬಹುಕಾಲದಿಂದ ಕೋಟೆಯನ್ನು ಕಾದುಕೊಂಡು ಬಂದಿದ್ದವನು. ಮುತ್ತಿಗೆಯ ಕೊನೆಯಲ್ಲಿ ಬುರುಜಿನ ಹಿಂದೆ ಶೇಖರಿಸಿದ್ದ ಮದ್ದಿಗೆ ಬೆಂಕಿ ತಗುಲಿ, ಅವನೂ ಅವನ ಇಬ್ಬರು ಮಕ್ಕಳೂ ಸುಟ್ಟು ಗಾಯಗೊಂಡರು. ಕೋಟೆ ಬಿತ್ತು, ಅವನೂ ಉಳಿಯಲಿಲ್ಲ. ಬಳಿಕ ಕಲ್ಯಾಣದ ಕೋಟೆ. ಈ ಎರಡೂ ಮುತ್ತಿಗೆಗಳಲ್ಲಿ ಔರಂಗಜೇಬನ ಬಲಗೈಯಾಗಿದ್ದವನು ಮೀರ್ ಜುಮ್ಲಾ. ಹಿಂದೆ ಗೋಲ್ಕೊಂಡದ ಸೇವೆಯಲ್ಲಿದ್ದು ಗಂಡಿಕೋಟೆಯವರೆಗೆ ಗೆದ್ದಿದ್ದ ಅವನ ಬಳಿ ಒಳ್ಳೆಯ ತೋಪುಖಾನೆಯಿತ್ತು. ಯುರೋಪಿನಿಂದ ಬಂದ ಫಿರಂಗಿಗಾರರೂ ಇದ್ದರು. 1658ರ ಜನವರಿಯಲ್ಲಿ ಬಾದಶಹನ ಕರೆ ಬಂದು ಅವನು ಉತ್ತರಕ್ಕೆ ಹೊರಡುವ ಹೊತ್ತಿಗೆ ಔರಂಗಜೇಬ ಅವನನ್ನು ಸೆರೆಹಿಡಿದಂತೆ ಮಾಡಿ ದೌಲತಾಬಾದಿನಲ್ಲಿರಿಸಿ, ತೋಪುಖಾನೆಯನ್ನು ತನ್ನ ಕೈಗೆ ತೆಗೆದುಕೊಂಡ. ಕನ್ನಡ ನಾಡಿನ ಕೋಟೆಗಳ ಮುಂದೆ ಪಳಗಿದ ದಂಡು ಹೀಗೆ ಆಗ್ರಾದ ದಾರಿ ಹಿಡಿಯಿತು.

ಇತ್ತ ಕಾಶಿಯ ಕಡೆ ಶುಜಾ ಬಂಗಾಳದಿಂದ ಏರಿ ಬಂದ. ಅವನನ್ನು ತಡೆಯಲು ದಾರಾ ತನ್ನ ಮಗ ಸುಲೈಮಾನ್ ಶಿಕೋನನ್ನು ಕಳುಹಿಸಿದ. ಅನುಭವಿ ಸೇನಾಪತಿ ಆಂಬೇರಿನ ರಾಜಾ ಜಯಸಿಂಹ ಜೊತೆಗಿದ್ದ. 1658ರ ಫೆಬ್ರವರಿಯಲ್ಲಿ ಕಾಶಿಯ ಸಮೀಪದ ಬಹಾದ್ದೂರ್‌ಪುರದಲ್ಲಿ ಎರಡು ದಂಡುಗಳೂ ಬೀಡುಬಿಟ್ಟಿದ್ದವು. ಒಂದು ಬೆಳಗಿನ ಜಾವ ಸುಲೈಮಾನನ ಸೈನ್ಯ ಶುಜಾನ ಪಾಳೆಯದ ಮೇಲೆ ಬಿತ್ತು. ಶುಜಾ ಇನ್ನೂ ಹಾಸಿಗೆಯಿಂದ ಎದ್ದಿರಲಿಲ್ಲ. ಹೇಗೋ ಆನೆಯೇರಿ ಗಂಗೆಯಲ್ಲಿದ್ದ ತನ್ನ ದೋಣಿಗಳನ್ನು ಸೇರಿಕೊಂಡು ಜೀವ ಉಳಿಸಿಕೊಂಡ.

ದಾರಾನಿಗೆ ಇದು ದೊಡ್ಡ ಗೆಲುವು. ಆದರೆ ಈ ಗೆಲುವೇ ಅವನಿಗೆ ಮುಳುವಾಯಿತು. ಸುಲೈಮಾನ್ ಓಡುತ್ತಿದ್ದ ಶುಜಾನನ್ನು ಅಟ್ಟಿಕೊಂಡು ಬಿಹಾರದ ಕಡೆಗೆ ಹೋದ. ದಾರಾನ ಉತ್ತಮ ದಂಡು, ನುರಿತ ಸರದಾರರು ಎಲ್ಲರೂ ಅವನೊಡನೆ ಪೂರ್ವದಲ್ಲಿ ಸಿಕ್ಕಿಕೊಂಡರು. ಅತ್ತ ಏಪ್ರಿಲ್‌ನಲ್ಲಿ ಉಜ್ಜಯಿನಿಯ ಬಳಿಯ ಧರ್ಮಾತಿನಲ್ಲಿ ಔರಂಗಜೇಬನೂ ಮುರಾದನೂ ಒಂದಾಗಿ ಜೋಧಪುರದ ಜಸವಂತಸಿಂಹನನ್ನು ಸೋಲಿಸಿದರು. ಮುಂದೆ ಚಂಬಲ್ ನದಿ. ದಾರಾ ಧೋಲಪುರದ ಬಳಿ ತಿಳಿದ ಹಾಯಗಡುಗಳನ್ನೆಲ್ಲ ಕಾವಲಿಟ್ಟು ಕುಳಿತಿದ್ದ. ಔರಂಗಜೇಬ ಸ್ಥಳೀಯ ಬುಂದೇಲರ ನೆರವಿನಿಂದ ಇನ್ನೂ ಪೂರ್ವಕ್ಕೆ, ಕಾವಲಿಲ್ಲದ ಕಡೆ ನದಿ ದಾಟಿಬಿಟ್ಟ. ದಾರಾ ಭಾರದ ತೋಪುಗಳನ್ನು ಅಲ್ಲಿಯೇ ಬಿಟ್ಟು ಆಗ್ರಾದ ಕಡೆ ಓಡಬೇಕಾಯಿತು. ಸುಲೈಮಾನ್ ಬರುವವರೆಗೆ ಕಾದಿರು ಎಂದು ಮುದಿ ಬಾದಶಹ ಹೇಳಿದ, ದಾರಾ ಕೇಳಲಿಲ್ಲ.

ಮೇ ತಿಂಗಳ ಕೊನೆಯಲ್ಲಿ ಆಗ್ರಾದ ಪೂರ್ವಕ್ಕಿರುವ ಸಾಮೂಗಢದಲ್ಲಿ ನಿರ್ಣಾಯಕ ಯುದ್ಧ ನಡೆಯಿತು. ಹಿಂದಿನ ದಿನವೇ ದಾರಾ ದಂಡನ್ನು ಬಯಲಿಗೆ ಹೊರಡಿಸಿದ್ದ. ಎದುರಿನವರು ದೂರದಿಂದ ನಡೆದು ಬಂದು ದಣಿದಿದ್ದರು; ಆಗಲೇ ಮೇಲೆ ಬಿದ್ದಿದ್ದರೆ ಅನುಕೂಲವಿತ್ತು. ಅವನು ಬೀಳಲಿಲ್ಲ. ಸೈನಿಕರು ಕಬ್ಬಿಣದ ಕವಚ ತೊಟ್ಟು ಸಂಜೆಯವರೆಗೆ ಬಿಸಿಲಿನಲ್ಲಿ ನಿಂತರು. ಒಂದು ಗಾಯವೂ ಇಲ್ಲದೆ ಬರಿಯ ಬಿಸಿಲು ಬಾಯಾರಿಕೆಗಳಿಂದಲೇ ಎಷ್ಟೋ ಜನ ಸತ್ತರು. ಇಲ್ಲಿಯ ಜ್ಯೇಷ್ಠ ಮಾಸದ ‘ಲೂ’ ಗಾಳಿಯನ್ನು ಅನುಭವಿಸಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮರುದಿನದ ಯುದ್ಧದಲ್ಲಿ ದಾರಾನ ಎಡಬದಿಯನ್ನು ನಡೆಸಿದವನು ‘ದಖ್ಖನಿ’ ಎಂದೇ ಹೆಸರಾದ ರುಸ್ತುಮ್ ಖಾನ್; ಕಂದಹಾರದ ಯುದ್ಧಗಳಲ್ಲಿ ಕೀರ್ತಿ ಪಡೆದ ಹಳೆಯ ಯೋಧ. ಮುಂಚೂಣಿಯಲ್ಲಿ ಬೂಂದಿಯ ಛತ್ರಸಾಲ ಹಾಡಾ. ರುಸ್ತುಮ್ ಖಾನ್ ತನ್ನ ರಾವುತರೊಡನೆ ಔರಂಗಜೇಬನ ತೋಪುಗಳ ಮೇಲೆಯೇ ನುಗ್ಗಿದ. ಗುಂಡಿನ ಸುರಿಮಳೆಗೆ ಸಿಕ್ಕಿ, ಪಕ್ಕಕ್ಕೆ ತಿರುಗಿ ಹೋರಾಡುತ್ತ ಮಡಿದ. ಛತ್ರಸಾಲನೂ ಬಿದ್ದ. ಎಡಬದಿಗೆ ನೆರವಾಗಲೆಂದು ದಾರಾ ತನ್ನ ತೋಪುಗಳ ಸಾಲನ್ನು ದಾಟಿ ಮುಂದೆ ಬಂದ; ತನ್ನವರೇ ಅಡ್ಡ ಬಂದುದರಿಂದ ಆ ತೋಪುಗಳು ನಿಷ್ಪ್ರಯೋಜಕವಾದವು. ಕೊನೆಗೆ ಆನೆಯಿಂದಿಳಿದು ಕುದುರೆ ಏರಿದ. ಬರಿದಾದ ಅಂಬಾರಿಯನ್ನು ಕಂಡ ಸೈನಿಕರು ಒಡೆಯ ಸತ್ತನೆಂದು ತಿಳಿದು ಚೆದುರಿಹೋದರು.

ಈಗ ನಮ್ಮ ಪ್ರಶ್ನೆಗೆ ಬರೋಣ. ರುಸ್ತುಮ್ ಖಾನ್ ಉಳಿದಿದ್ದರೆ? ಆ ದಿನದ ಮಟ್ಟಿಗೆ ವ್ಯತ್ಯಾಸವಾಗುತ್ತಿತ್ತು ಎನ್ನಲು ಅಡ್ಡಿಯಿಲ್ಲ. ಅವನಂಥವನು ಎಡಬದಿಯನ್ನು ಕ್ರಮವಾಗಿ ಹಿಂದಕ್ಕೆ ತಂದಿದ್ದರೆ ದಾರಾ ತನ್ನ ಜಾಗ ಬಿಟ್ಟು ಬರಬೇಕಾಗಿರಲಿಲ್ಲ. ಸೋತರೂ ಆಗ್ರಾದ ಕೋಟೆ ಸೇರಿ ಸುಲೈಮಾನನಿಗಾಗಿ ಕೆಲವು ದಿನ ಕಾಯಬಹುದಿತ್ತು. ಆದರೆ ಒಂದು ದಿನ ಉಳಿಸಿಕೊಳ್ಳುವುದು ಬೇರೆ, ಯುದ್ಧವನ್ನೇ ಗೆಲ್ಲುವುದು ಬೇರೆ. ಹೀಗೆನ್ನಲು ಆ ಯುದ್ಧದಲ್ಲೇ ಮೂರು ಸಾಕ್ಷಿಗಳಿವೆ.

ಮೊದಲನೆಯದು, ಸ್ವತಃ ದಾರಾ. ಅಂಬಾರಿ ಬರಿದಾಗಿತ್ತೇ ಹೊರತು ಅವನು ಸತ್ತಿರಲಿಲ್ಲ. ಆಗ್ರಾ, ದೆಹಲಿ, ಲಾಹೋರ್, ಸಿಂಧ್, ಗುಜರಾತ್ ಎಂದು ಅಲೆದು, 1659ರ ಮಾರ್ಚಿಯಲ್ಲಿ ಅಜಮೀರದ ಬಳಿಯ ದೇವರಾಯಿಯಲ್ಲಿ ಮತ್ತೆ ಎದುರುನಿಂತ, ಮತ್ತೆ ಸೋತ. ಆ ವರ್ಷವೇ ದೆಹಲಿಯಲ್ಲಿ ಅವನ ಕೊಲೆಯಾಯಿತು. ನಾಯಕನೇ ಬದುಕಿ ಉಳಿದದ್ದು ಯುದ್ಧವನ್ನು ತಿರುಗಿಸಲಿಲ್ಲ.

ಎರಡನೆಯದು, ಜಯಸಿಂಹ. ಕಾಶಿಯ ಮಗ್ಗುಲಲ್ಲಿ ದಾರಾನ ಪಕ್ಷಕ್ಕೆ ಗೆಲುವು ತಂದ ಅವನಿಗೆ ಒಂದು ಕೂದಲೂ ಕೊಂಕಿರಲಿಲ್ಲ. ಸಾಮೂಗಢದ ಸುದ್ದಿ ಮುಟ್ಟಿದಾಗ ಸುಲೈಮಾನನ ದಂಡು ಅಲಹಾಬಾದಿನಿಂದ ಮುಂದೆ ಕೋಡಾ ಎಂಬಲ್ಲಿತ್ತು. ಜಯಸಿಂಹನೂ ದಿಲೇರ್ ಖಾನನೂ ಅಲ್ಲಿಯೇ ಆ ಹುಡುಗನ ಕೈಬಿಟ್ಟು ಗೆದ್ದವನ ಕಡೆ ಹೋದರು. ಮುಂದೆ ದಾರಾನ ನೆರವಿಗೆ ಬರಬೇಕಿದ್ದ ಜಸವಂತಸಿಂಹನ ಮನಸ್ಸು ತಿರುಗಿಸಿದವನೂ ಜಯಸಿಂಹನೇ. ಸುಲೈಮಾನ್ ಗಢವಾಲದ ಬೆಟ್ಟ ಸೇರಿ, ಕೊನೆಗೆ ಔರಂಗಜೇಬನ ಕೈಗೆ ಸಿಕ್ಕಿ ಗ್ವಾಲಿಯರಿನ ಸೆರೆಯಲ್ಲಿ ಕೊಲೆಯಾದ. ಸೇನಾಪತಿ ಬದುಕಿದ್ದರೆ ಸಾಲದು, ಯಾರ ಪಕ್ಷದಲ್ಲಿ ಬದುಕಿದ್ದಾನೆ ಎಂಬುದೂ ಮುಖ್ಯ. ದಾಯಾದಿ ಯುದ್ಧದಲ್ಲಿ ಎರಡು ಕಡೆಯವರೂ ಒಂದೇ ಮನೆಯವರು. ನಿನ್ನೆಯವರೆಗೆ ಒಂದೇ ದರ್ಬಾರಿನಲ್ಲಿ ಸಲಾಮು ಹಾಕಿದ ಸರದಾರನಿಗೆ ಪಕ್ಷ ಬದಲಿಸುವುದು ಶತ್ರುದೇಶಕ್ಕೆ ಹೋದಂತಲ್ಲ; ಒಂದು ಕೋಣೆಯಿಂದ ಇನ್ನೊಂದಕ್ಕೆ ನಡೆದಂತೆ.

ಮೂರನೆಯದು, ಖಜುವಾ. ದೆಹಲಿಯ ಕಡೆ ಹೋಗುವ ನಮ್ಮವರು ಫತೇಪುರ ಜಿಲ್ಲೆಯನ್ನು ದಾಟುತ್ತಾರಲ್ಲ, ಈ ಊರು ಆ ಸೀಮೆಯಲ್ಲಿದೆ. 1659ರ ಜನವರಿಯಲ್ಲಿ ಶುಜಾ ಮತ್ತೆ ಬಂದು ಇಲ್ಲಿ ಔರಂಗಜೇಬನನ್ನು ಎದುರಿಸಿದ. ಆ ಹೊತ್ತಿಗೆ ಜಸವಂತಸಿಂಹ ಔರಂಗಜೇಬನ ಪಕ್ಷದಲ್ಲಿದ್ದು ಬಲಬದಿಯ ಮುಖಂಡನಾಗಿದ್ದ. ಯುದ್ಧದ ಹಿಂದಿನ ರಾತ್ರಿ ಅವನು ಪಾಳೆಯವನ್ನೇ ಲೂಟಿಮಾಡಿ ತನ್ನ ಜನದೊಡನೆ ಹೊರಟುಹೋದ. ಗಲಿಬಿಲಿಯಲ್ಲಿ ಇನ್ನೂ ಎಷ್ಟೋ ಮಂದಿ ಜಾರಿಕೊಂಡರು. ಒಬ್ಬ ಸೇನಾಪತಿ ಸತ್ತದ್ದಕ್ಕಿಂತ ಇದು ದೊಡ್ಡ ಪೆಟ್ಟು. ಆದರೂ ಔರಂಗಜೇಬ ಕದಲಲಿಲ್ಲ. ದಖ್ಖನ್ನಿನಿಂದ ಆಗತಾನೆ ಬಂದು ಸೇರಿದ್ದ ಮೀರ್ ಜುಮ್ಲಾ ಜೊತೆಗಿದ್ದ; ತೋಪುಗಳಿದ್ದವು; ಖಾಲಿಯಾದ ಜಾಗಕ್ಕೆ ಇನ್ನೊಬ್ಬ ಬಂದು ನಿಂತ. ಮರುದಿನ ಗೆಲುವು ಅವನದೇ ಆಯಿತು. ಸಾಮೂಗಢದಲ್ಲಿ ರುಸ್ತುಮ್ ಖಾನ್ ಬಿದ್ದಾಗ ಆ ಜಾಗವನ್ನು ತುಂಬುವವರೇ ಇರಲಿಲ್ಲ. ವ್ಯತ್ಯಾಸ ಇರುವುದು ಇಲ್ಲಿ.

ಹಾಗಾದರೆ ಒಬ್ಬನ ಸಾವು ಬದುಕುಗಳಿಗೆ ಬೆಲೆಯೇ ಇಲ್ಲವೆ? ಇದೆ. ಸಾಮೂಗಢದಲ್ಲಿಯೇ ರೂಪಸಿಂಹ ರಾಠೋಡನೆಂಬ ವೀರ ಕುದುರೆಯಿಂದಿಳಿದು ಔರಂಗಜೇಬನ ಆನೆಯ ಬಳಿಗೆ ನುಗ್ಗಿ, ಅಂಬಾರಿಯ ಪಟ್ಟಿಗಳನ್ನು ಕಡಿಯಲು ಕತ್ತಿ ಬೀಸಿದ. ಕಾವಲಿನವರು ಅವನನ್ನು ಕೊಂದರು. ಆ ಪಟ್ಟಿಗಳು ಹರಿದು ಔರಂಗಜೇಬ ಬಿದ್ದು ಸತ್ತಿದ್ದರೆ ಅವನ ಪಕ್ಷವೇ ಮುಗಿಯುತ್ತಿತ್ತು. ಏಕೆಂದರೆ ಅವನು ಸೇನಾಪತಿಯಷ್ಟೇ ಅಲ್ಲ, ಹಕ್ಕುದಾರ. ಸೇನಾಪತಿಯ ಜಾಗಕ್ಕೆ ಇನ್ನೊಬ್ಬನನ್ನು ತರಬಹುದು. ಯಾರಿಗಾಗಿ ಯುದ್ಧವೋ ಅವನ ಜಾಗಕ್ಕೆ ಇನ್ನೊಬ್ಬನನ್ನು ತರುವುದು ಸುಲಭವಲ್ಲ.

ಈ ಮಾತು ಉತ್ತರದೇಶಕ್ಕೆ ಮಾತ್ರ ಸಲ್ಲುವುದೋ ಎಂದು ಕೇಳುವವರು ಇದಕ್ಕೆ ನಾಲ್ಕು ದಶಕ ಹಿಂದಿನ ನಮ್ಮದೇ ವಿಜಯನಗರದ ಕಥೆಯನ್ನು ನೋಡಬಹುದು. 1614ರಲ್ಲಿ ವೆಂಕಟಪತಿರಾಯ ತೀರಿಕೊಂಡಾಗ ಅವನ ಅಣ್ಣನ ಮಗ ಶ್ರೀರಂಗನಿಗೆ ಪಟ್ಟವಾಯಿತು. ರಾಣಿಯೊಬ್ಬಳ ಬಂಧುವಾದ ಜಗ್ಗರಾಯ ಬೇರೊಬ್ಬ ಹುಡುಗನನ್ನು ಮುಂದಿಟ್ಟುಕೊಂಡು ದಂಗೆಯೆದ್ದು, ಶ್ರೀರಂಗನನ್ನು ಸಂಸಾರಸಮೇತ ಸೆರೆಯಲ್ಲಿಟ್ಟು ಕೊಲ್ಲಿಸಿದ. ಯಾಚಮನಾಯಕನೆಂಬ ಸೇನಾಪತಿ ಒಬ್ಬನೇ ಒಬ್ಬ ಮಗನನ್ನು, ಸುಮಾರು 12 ವರ್ಷದ ರಾಮನನ್ನು, ಮೊದಲೇ ಹೊರಕ್ಕೆ ತೆಗೆಸಿದ್ದ. ಕಾವೇರಿ ತೀರದ ತೋಪೂರಿನಲ್ಲಿ ಯಾಚಮನೂ ತಂಜಾವೂರಿನ ರಘುನಾಥನಾಯಕನೂ ಒಂದು ಕಡೆ, ಜಗ್ಗರಾಯನೂ ಮಧುರೆ ಮತ್ತು ಸೆಂಜಿಯ ನಾಯಕರೂ ಇನ್ನೊಂದು ಕಡೆ ಕಾದಿದರು. ಜಗ್ಗರಾಯ ಸತ್ತ. ಯುದ್ಧ ಮುಗಿಯಿತೆ? ಇಲ್ಲ, ಅವನ ತಮ್ಮ ಎತಿರಾಜ ಅದನ್ನು ಮುಂದುವರಿಸಿದ. ಕೊನೆಗೆ ಎತಿರಾಜನ ಮಗಳನ್ನು ರಾಮದೇವನಿಗೆ ಮದುವೆ ಮಾಡಿಕೊಟ್ಟ ಮೇಲೆಯೇ ಶಾಂತಿ. ಅಷ್ಟರಲ್ಲಿ ರಾಜ್ಯ ಸೊರಗಿತ್ತು. ಮೈಸೂರು, ಇಕ್ಕೇರಿಗಳಂಥ ಸಂಸ್ಥಾನಗಳು ತಮ್ಮ ದಾರಿ ತಾವು ಹಿಡಿದಿದ್ದವು. ಇಲ್ಲಿಯೂ ಸೇನಾಪತಿಯ ಸಾವು ಯುದ್ಧವನ್ನು ಮುಗಿಸಲಿಲ್ಲ. ಹಕ್ಕುದಾರನಾದ ಒಬ್ಬ ಹುಡುಗನ ಬದುಕು ಅದರ ಗತಿಯನ್ನು ನಿರ್ಣಯಿಸಿತು.

ಆ ಹುಡುಗ ಉಳಿದುದು ಹೇಗೆ? ಆ ಕಾಲದಲ್ಲಿ ಇದ್ದ ಬರ್ರದಾಸ್ ಎಂಬ ಪಾದ್ರಿ 1616ರಲ್ಲಿ ಬರೆದ ಪತ್ರದಲ್ಲಿ ಇದನ್ನು ಹೇಳಿದ್ದಾನೆ. ಅರಮನೆಯ ಬಟ್ಟೆ ಒಗೆಯುತ್ತಿದ್ದ ಅಗಸನೊಬ್ಬನ ಮೂಲಕ, ಮೈಲಿಗೆ ಬಟ್ಟೆಗಳ ನಡುವೆ ಬಚ್ಚಿಟ್ಟು ಹುಡುಗನನ್ನು ಕಾವಲು ದಾಟಿಸಲಾಯಿತು. ಸಿಕ್ಕಿಬಿದ್ದಿದ್ದರೆ ಮೊದಲು ಹೋಗುತ್ತಿದ್ದುದು ಅಗಸನ ತಲೆ.

ದೂರದ ಊರಿನಲ್ಲಿ ದುಡಿಯುವ ನಮಗೆ, “ಎಲ್ಲವೂ ಆ ಒಬ್ಬ ದೊಡ್ಡವನ ಕೈಯಲ್ಲಿದೆ, ಅವನಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ” ಎಂಬ ಭಾವನೆ ಬಲು ಬೇಗ ಬರುತ್ತದೆ. ಕಚೇರಿಯಲ್ಲಿಯೂ ಹಾಗೆಯೇ, ಊರಿನ ಮನೆಯಲ್ಲಿಯೂ ಹಾಗೆಯೇ, ಸಂಘಗಳಲ್ಲಿಯೂ ಹಾಗೆಯೇ. ಖಜುವಾದ ಪಾಠ ಬೇರೆ. ಒಬ್ಬ ಹೋದಾಗ ಆ ಜಾಗದಲ್ಲಿ ನಿಲ್ಲಲು ಇನ್ನೊಬ್ಬ ತಯಾರಿದ್ದರೆ ಒಬ್ಬನ ಹೋಗುವಿಕೆಯಿಂದ ಮನೆ ಬೀಳುವುದಿಲ್ಲ. ತಯಾರಿಲ್ಲದಿದ್ದರೆ, ಬರಿದಾದ ಒಂದು ಅಂಬಾರಿಯನ್ನು ಕಂಡೇ ಐವತ್ತು ಸಾವಿರದ ದಂಡು ಓಡುತ್ತದೆ. ಆದುದರಿಂದ ಇನ್ನು ಮುಂದೆ ನಮ್ಮ ಸಂಜೆಯ ಚರ್ಚೆಯಲ್ಲಿ “ಅವನು ಉಳಿದಿದ್ದರೆ” ಎಂದು ಯಾರಾದರೂ ಹೇಳಿದಾಗ, “ಅವನ ಹಿಂದೆ ಯಾರು ನಿಂತಿದ್ದರು?” ಎಂದು ಕೇಳೋಣ. ಹಾಗೆ ಕೇಳುವಾಗ ಬಟ್ಟೆಯ ಗಂಟು ಹೊತ್ತು ಕಾವಲಿನ ಬಾಗಿಲು ದಾಟಿದ ಆ ಅಗಸನನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳೋಣ.